ಮಧುವಂತಿ ಉಂಡಳೇನು?

ಅಬ್ಬಿಗೇರಿಯ ನಾಗರತ್ನಾಳಿಗೆ ಮೂವತ್ತೆಂಟು ವರ್ಷದವರೆಗೆ ಯಾವ ಚಟವೂ ಇರಲಿಲ್ಲ. ಚಹಾ ಕೂಡ ಕೊಟ್ಟರೆ ಕುಡಿಯುತ್ತಿದ್ದಳು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಅಂಥವಳು ಒಂದು ಮಂಗಳವಾರ ಮಧ್ಯಾಹ್ನ ಮಗಳು ತಂದಿದ್ದ ಪುಸ್ತಕ ತಿರುಗಿ ಕೊಡಲು ಊರ ಗ್ರಂಥಾಲಯಕ್ಕೆ ಹೋದಳು. ಬರಿಗೈಯಲ್ಲಿ ಬರುವುದು ಚೆಂದವಲ್ಲವೆಂದು ಕೈಗೆ ಸಿಕ್ಕ ಒಂದು ಕಾದಂಬರಿ ಹಿಡಿದು ಬಂದಳು ನೋಡಿ, ಅಲ್ಲಿಗೆ ಅವಳ ಶಾಂತಿ ಮುಗಿಯಿತು. ರಕ್ಷಾಪುಟದ ಮೇಲೆ ಖಾಕಿ ತೊಟ್ಟ ಹೆಣ್ಣುಮಗಳೊಬ್ಬಳು ಮೋಟರ್ ಸೈಕಲ್ಲಿಗೆ ಒರಗಿ ನಿಂತಿದ್ದಳು. ಕೆಳಗೆ, ‘ಇನ್ಸ್‌ಪೆಕ್ಟರ್ ಮಧುವಂತಿ ಪತ್ತೇದಾರಿ ಮಾಲೆ, ಒಂದನೆಯ ಪುಸ್ತಕ’ ಎಂದಿತ್ತು.

ಆಗ ನಾಗರತ್ನಾ ದಿನಾ ಮಧ್ಯಾಹ್ನ ಶಂಕ್ರವ್ವನ ಪಡಸಾಲೆಯಲ್ಲಿ ಕೌದಿ ಹೊಲಿಯಲು ಕೂರುತ್ತಿದ್ದಳು. ಕೂರುವವರು ಮೂವರು. ಎಪ್ಪತ್ತು ದಾಟಿದ ಶಂಕ್ರವ್ವ ಮನೆಯೊಡತಿ. ಕೌದಿಯ ವಿಷಯದಲ್ಲಿ ಅವಳು ಅಂದದ್ದೇ ಆಗಬೇಕು. ಎರಡನೆಯವಳು ಆಚೆ ಓಣಿಯ ಮದರಬಿ, ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಮೂರನೆಯವಳು ನಮ್ಮ ನಾಗರತ್ನಾ. ಮನೆಮನೆಯ ಹಳೆ ಸೀರೆ, ದರ್ಜಿ ಖಾಜಾಸಾಬ ಕೊಡುವ ಚೂರುಬಟ್ಟೆ ಎಲ್ಲ ಪದರಪದರವಾಗಿ ಹಾಸಿ ಸುತ್ತ ಕೂತು ಸೂಜಿ ಓಡಿಸುವುದು. ಕೊನೆಗೊಂದು ಮೂಲೆಯನ್ನು ಹೊಲಿಯದೆ ಬಿಟ್ಟು, ಅದರೊಳಗೆ ರೊಟ್ಟಿಯದೋ ಹೋಳಿಗೆಯದೋ ಒಂದು ಚೂರು ಇಟ್ಟು, ಕೌದಿಯ ಹೊಟ್ಟೆ ತುಂಬಿಸಿಯೇ ಮುಚ್ಚಬೇಕು. ಆ ಕೆಲಸವನ್ನು ಶಂಕ್ರವ್ವ ಯಾರಿಗೂ ಬಿಟ್ಟುಕೊಟ್ಟವಳಲ್ಲ. “ಹಸದ ಕೌದಿ ಹೊಚ್ಚಕೊಂಡ್ರ ನಿದ್ದಿ ಹ್ಯಾಂಗ ಬರಬೇಕಬೇ?” ಎನ್ನುತ್ತಿದ್ದಳು.

ಅಂಥ ಪಡಸಾಲೆಯಲ್ಲಿ ನಾಗರತ್ನಾ ಮೊದಲ ಪುಸ್ತಕ ತೆರೆದು, ಸುಮ್ಮನೆ ಎರಡು ಪುಟ ಗಟ್ಟಿಯಾಗಿ ಓದಿದಳು. ಎರಡನೇ ಪುಟದ ಕೊನೆಗೆ ಬಾವಿಯಲ್ಲಿ ಹೆಣ ತೇಲಿತು. ಮದರಬಿ ಸೂಜಿಯನ್ನು ಬಟ್ಟೆಗೆ ಚುಚ್ಚುವ ಬದಲು ಬೆರಳಿಗೆ ಚುಚ್ಚಿಕೊಂಡು, “ಮುಂದ ಓದ, ನಿಲ್ಲಬ್ಯಾಡ” ಎಂದು ಬೆರಳು ಚೀಪುತ್ತಲೇ ಗದರಿಸಿದಳು. ಅಂದು ಸಂಜೆಯೊಳಗೆ ಕಾಯಿದೆ ತಯಾರಾಯಿತು. ನಾಗರತ್ನಾ ಓದಬೇಕು, ಅವಳ ಪಾಲಿನ ಹೊಲಿಗೆ ಉಳಿದಿಬ್ಬರದು. ಇದ್ದದ್ದು ಇದ್ದಂತೆ, ಅಕ್ಷರಕ್ಕೆ ಅಕ್ಷರ ಓದಬೇಕು. ಒಬ್ಬಳೇ ಕೂತು ಮುಂದಿನದನ್ನು ಇಣುಕಿ ನೋಡಕೂಡದು. ಅದಕ್ಕಾಗಿ ಪುಸ್ತಕ ಶಂಕ್ರವ್ವನ ಗೋಡೆಯ ಮಾಡದಲ್ಲೇ ಇರಬೇಕು, ಏಕೆಂದರೆ ಮೂವರಲ್ಲಿ ಓದಲು ಬಾರದವಳು ಅವಳೊಬ್ಬಳೇ.

ಅಕ್ಷರಕ್ಕೆ ಅಕ್ಷರ ಎನ್ನುವ ಮಾತನ್ನು ನಾಗರತ್ನಾ ಪ್ರಾಣದ ಹಾಗೆ ಕಾಪಾಡಿದಳು. ಒಮ್ಮೆ ಹೆಣದ ವರ್ಣನೆ ಬಂದಾಗ ಮದರಬಿ, “ಅದನ್ನ ಬಿಟ್ಟ ಓದವಾ, ಈಗ ಉಂಡ ಬಂದೇನಿ” ಎಂದು ಅಂಗಲಾಚಿದರೂ ಹುಳದವರೆಗೆ ಓದಿಯೇ ಮುಂದಕ್ಕೆ ಹೋದಳು. ಪುಸ್ತಕದಲ್ಲಿ ಬರೆದದ್ದನ್ನು ಬದಲಿಸಲು ತಾನ್ಯಾರು?

ಒಂದು ಮುಗಿಯಿತು, ಎರಡು ಮುಗಿಯಿತು. ಮೂರನೆಯದಕ್ಕೆ ಬರುವಷ್ಟರಲ್ಲಿ ನಾಗರತ್ನಾ ಕೈಗಡಿಯಾರವನ್ನು ಮಧುವಂತಿಯ ಹಾಗೆ ಬಲಗೈಗೆ ಕಟ್ಟತೊಡಗಿದ್ದಳು. ಯಾರಾದರೂ ಮಾತಾಡಿಸಿದರೆ ತಟ್ಟನೆ ಉತ್ತರ ಕೊಡದೆ, ಹುಬ್ಬು ಏರಿಸಿ ಅವರ ಚಪ್ಪಲಿ ನೋಡುತ್ತಿದ್ದಳು. ಟ್ರ್ಯಾಕ್ಟರ್ ಹೊಡೆಯುವ ಗಂಡ ದುರಗೇಶ ಒಂದು ಸಂಜೆ ತಡವಾಗಿ ಬಂದಾಗ, ಊಟಕ್ಕೆ ಬಡಿಸುವ ಮೊದಲು ಎದುರಿಗೆ ಕೂತು, “ಆರರಿಂದ ಏಳರ ತನಕ ಎಲ್ಲಿದ್ರಿ?” ಎಂದು ಕೇಳಿದಳು.

“ಕಡ್ಲಿ ಹೊಲದಾಗ.”

“ಸಾಕ್ಷಿ?”

ದುರಗೇಶ ತಾಟಿನತ್ತ ನೋಡಿದ, ಹೆಂಡತಿಯತ್ತ ನೋಡಿದ. “ನನ್ನ ಕಾಲಿನ ಮಣ್ಣ ನೋಡ, ಸಾಕ್ಷಿ ಬೇಕಂದ್ರ” ಎಂದ. ನಾಗರತ್ನಾ ಬಗ್ಗಿ ನಿಜವಾಗಿಯೂ ನೋಡಿದಳು. ಎರೆಮಣ್ಣು ಹಸಿಯಾಗಿತ್ತು, ಗಂಡ ನಿರಪರಾಧಿ ಎಂದು ತೀರ್ಮಾನವಾಗಿ ರೊಟ್ಟಿ ಬಂತು.

ಶಂಕ್ರವ್ವನಿಗೆ ಮಾತ್ರ ಕೊಲೆಗಾರ ಯಾರೆಂಬುದರ ಚಿಂತೆ ಅಷ್ಟಾಗಿ ಇರಲಿಲ್ಲ. ಅವಳ ಸಂಕಟವೇ ಬೇರೆ. ಮಧುವಂತಿ ಉಣ್ಣುತ್ತಿರಲಿಲ್ಲ. ಎದುರಿಗೆ ತಾಟು ಬರುವಷ್ಟರಲ್ಲಿ ಫೋನು ಬರುತ್ತಿತ್ತು. ತುತ್ತು ಎತ್ತುವಷ್ಟರಲ್ಲಿ ಇನ್ನೊಂದು ಹೆಣ ಬೀಳುತ್ತಿತ್ತು. ಬರೆದವರಿಗೆ ಅವಳನ್ನು ಚಹಾದ ಮೇಲೆ ಬದುಕಿಸುವ ಹಟವಿತ್ತೋ ಏನೋ, ಠಾಣೆಯ ಎದುರಿನ ಕಾಶೀಬಾಯಿ ಎಂಬ ಚಹಾದವಳು ಪ್ರತಿ ಪುಸ್ತಕದಲ್ಲೂ ಕಿಟಲಿ ಹಿಡಿದು ಬಂದೇ ಬರುತ್ತಿದ್ದಳು.

“ಉಂಡಾಳೇನು?” ಎಂದು ಶಂಕ್ರವ್ವ ಅಧ್ಯಾಯಕ್ಕೊಮ್ಮೆ ಕೇಳುತ್ತಿದ್ದಳು.

“ಇನ್ನೂ ಇಲ್ಲ ಆಯಿ. ಗೋದಾಮಿನ ಬೀಗ ಮುರ್ಯಾಕತ್ತಾಳ.”

“ನಿನ್ನಿ ಮುಂಜಾನೆ ಎರಡ ಬಿಸ್ಕೀಟ ತಿಂದಾಕಿ, ಬೀಗ ಎಲ್ಲಿಂದ ಮುರೀತಾಳ? ಹೆತ್ತಾಕಿ ಇಲ್ಲನು ಆಕಿಗೆ?”

ಆರನೆಯ ಪುಸ್ತಕದಲ್ಲಿ ಮಧುವಂತಿಯ ಜೊತೆಗಾರ, ಕಾನ್‌ಸ್ಟೇಬಲ್ ಭರಮಣ್ಣ ಗುಂಡು ತಗಲಿ ಸತ್ತ. ಪಡಸಾಲೆಯಲ್ಲಿ ಸೂತಕ ಬಂತು. ಮದರಬಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. “ಪುಸ್ತಕದಾಗ ಬರದದ್ದು ತಿದ್ದಾಕ ಬರೂದಿಲ್ಲ” ಎಂದಳು ನಾಗರತ್ನಾ. ಶಂಕ್ರವ್ವ ಅಳಲಿಲ್ಲ, ಆದರೆ ಎರಡು ದಿನ ಒಲೆ ಹಚ್ಚಲಿಲ್ಲ. ಆ ವಾರ ಹೊಲಿದ ಕೌದಿಯಲ್ಲಿ ಹೊಲಿಗೆಯ ಸಾಲು ಒಂದು ಕಡೆ ಸೊಟ್ಟಗೆ ಹೋಗಿ ನಿಂತಿದೆ. ಅಲ್ಲೇ ಭರಮಣ್ಣ ಬಿದ್ದದ್ದು.

ಆರನೆಯದು ಮುಗಿದ ಮರುದಿನ ದೇವಪ್ಪ, ಗ್ರಂಥಾಲಯ ನೋಡಿಕೊಳ್ಳುವವನು, ಏಳನೆಯ ಪುಸ್ತಕ ಕೊಟ್ಟ. ಮುಖಪುಟದ ಮೇಲೆ ಕೆಂಪಕ್ಷರದಲ್ಲಿ, ‘ಮಾಲೆಯ ಕೊನೆಯ ಕಾದಂಬರಿ’ ಎಂದಿತ್ತು. ನಾಗರತ್ನಾ ನೇರ ಪಡಸಾಲೆಗೆ ಬಂದು ಮೊದಲು ಅದನ್ನೇ ಓದಿ ಹೇಳಿದಳು.

“ಕೊನೇದು ಅಂದ್ರ?” ಎಂದಳು ಶಂಕ್ರವ್ವ.

“ಇದರ ಮುಂದ ಮಧುವಂತಿ ಇರೂದಿಲ್ಲ ಆಯಿ.”

“ಇರೂದಿಲ್ಲಂದ್ರ? ಸಾಯ್ತಾಳನು?”

ನಾಗರತ್ನಾ ಓದುವ ಆತುರದಲ್ಲಿ, “ಸತ್ರೂ ಸಾಯಬಹುದು, ಯಾರ ಬಲ್ರು” ಎಂದು ಬಾಯಿಗೆ ಬಂದದ್ದು ಹೇಳಿ ಪುಟ ತಿರುವಿದಳು. ಶಂಕ್ರವ್ವನ ಸೂಜಿ ನಿಂತದ್ದನ್ನು ನೋಡಲಿಲ್ಲ. ದೊಡ್ಡ ಪತ್ತೇದಾರಿಣಿ!

ಹನ್ನೆರಡು ದಿನ ಓದಿದರು. ಒಂದು ಶನಿವಾರ ಮಧ್ಯಾಹ್ನ ಕಥೆ ಕುತ್ತಿಗೆಗೆ ಬಂದು ನಿಂತಿತು. ಹಾಳುಬಿದ್ದ ಹತ್ತಿ ಗಿರಣಿಯ ಮಹಡಿಯ ಮೇಲೆ ಮಧುವಂತಿಯನ್ನು ಕಂಬಕ್ಕೆ ಕಟ್ಟಿದ್ದಾರೆ. ಕೆಳಗೆ ಅರಳೆಗೆ ಬೆಂಕಿ ಬಿದ್ದಿದೆ. ಹೊಗೆ ಮೆಟ್ಟಿಲು ಹತ್ತುತ್ತಿದೆ. ನಾಗರತ್ನಾ ನೀರು ಕುಡಿಯಲೂ ಏಳಲಿಲ್ಲ. “‘ಬಾಗಿಲು ಕಿರುಗುಟ್ಟಿತು. ಮಧುವಂತಿ ತಲೆ ಎತ್ತಿದಳು. ಹೊಗೆಯ ನಡುವೆ ನಿಂತಿದ್ದ ಆಕೃತಿಯನ್ನು ಕಂಡು...’” ಎಂದು ಓದಿ ಪುಟ ತಿರುವಿದಳು.

ಮುಂದೆ ಪುಟವೇ ಇರಲಿಲ್ಲ. ಬರೀ ರಟ್ಟು.

“ಓದಬೇ!” ಎಂದು ಮದರಬಿ ಕಿರುಚಿದಳು.

“ಏನ ಓದ್ಲಿ? ಹರದಾರ!”

ನೂರಾ ತೊಂಬತ್ತಾರನೆಯ ಪುಟಕ್ಕೆ ಪುಸ್ತಕ ಮುಗಿದಿತ್ತು. ಹೊಲಿಗೆಯ ಬುಡದಲ್ಲಿ ನಾಲ್ಕು ಹಾಳೆಗಳ ಹರಕು ಅಂಚು ಮಾತ್ರ ಉಳಿದಿತ್ತು. ಮದರಬಿ ಹರಿದವರ ವಂಶವನ್ನು ಏಳು ತಲೆಮಾರಿನವರೆಗೆ ಬೈದಳು. ನಾಗರತ್ನಾ ಕಾಲಲ್ಲಿ ಚಪ್ಪಲಿ ಇಲ್ಲದೆಯೇ ಗ್ರಂಥಾಲಯಕ್ಕೆ ಓಡಿದಳು. ದೇವಪ್ಪ ಶಾಂತವಾಗಿ ದಫ್ತರ ತೆಗೆದು, ಮೇಜಿನ ಮೇಲಿನ ಮೊಹರು ತೋರಿಸಿ, “ನಾ ಓದೂದಿಲ್ಲ ತಂಗಿ, ಶಿಕ್ಕಾ ಹೊಡೀತೀನಿ ಅಷ್ಟ. ಎರಡನೂರಾ ನಾಕನೇ ಪುಟಕ್ಕ ನನ್ನ ಕೈಯಾರೆ ಶಿಕ್ಕಾ ಹೊಡದೇನಿ. ನಿಮಗ ಕೊಟ್ಟಾಗ ಪೂರಾ ಇತ್ತು” ಎಂದ.

ಆ ರವಿವಾರ, ಸೋಮವಾರ ನಾಗರತ್ನಾ ಪಟ್ಟ ಪಾಡು ಯಾರಿಗೂ ಬೇಡ. ರೋಣದ ಗ್ರಂಥಾಲಯಕ್ಕೆ ಹೋದಳು, ಅಲ್ಲಿ ಇಲ್ಲ. ನರಗುಂದದ ಬಸ್‌ಸ್ಟ್ಯಾಂಡಿನ ಪುಸ್ತಕದ ಅಂಗಡಿಗೆ ಹೋದಳು, ಅಲ್ಲಿ ಎರಡು ಮತ್ತು ಐದು ಇದ್ದವು, ಏಳು ಇರಲಿಲ್ಲ. ಪ್ರಕಾಶಕರ ನಂಬರಿಗೆ ಫೋನು ಮಾಡಿದರೆ, ಅದು ಅಸ್ತಿತ್ವದಲ್ಲೇ ಇಲ್ಲವೆಂದು ಒಬ್ಬಳು ಇಂಪಾಗಿ ಹೇಳಿದಳು. ಮಗಳು ಮೇಘಾ ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಯಾರೋ ಪುಣ್ಯಾತ್ಮರ ಒಂದೇ ಸಾಲು: ‘ಏಳನೆಯದರ ಕೊನೆ ಓದಿ ನನಗೆ ಮೂರು ದಿನ ನಿದ್ದೆ ಬರಲಿಲ್ಲ.’ ಅದನ್ನು ಓದಿ ನಾಗರತ್ನಾಳಿಗೂ ಬರಲಿಲ್ಲ. ಸಾರಿಗೆ ಉಪ್ಪು ಎರಡು ಸಲ ಬಿತ್ತು. ಮಧುವಂತಿ ಹೊಗೆಯಲ್ಲಿ ಕೆಮ್ಮುತ್ತಿದ್ದಾಳೆ, ತಾನಿಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದೇನೆ! ಅವಳು ಸತ್ತಳೋ ಉಳಿದಳೋ ಅನ್ನುವುದು ತಿಳಿಯದೆ ಇನ್ನು ಬದುಕು ಸಾಗಿಸುವುದು ಹೇಗೆ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು.

ಮಂಗಳವಾರ ಪಡಸಾಲೆಯಲ್ಲಿ ಹೊಸ ಕೌದಿ ಹಾಸಿದರು. ಮದರಬಿ ಇನ್ನೂ ಬೈಯುತ್ತಿದ್ದಳು, ನಾಗರತ್ನಾ ಗೋಡೆಗೆ ಒರಗಿ ಕೂತಿದ್ದಳು. ಆಗ ಖಾಜಾಸಾಬ ಚೂರುಬಟ್ಟೆಯ ಗಂಟು ಹೊತ್ತು ಬಂದ. ಮುಖದ ತುಂಬ ನಗು. ಅವನ ಮಗಳು ಮೆಹನಾಜ ತವರಿನಲ್ಲಿ ಬಾಣಂತನ ಮುಗಿಸಿ, ಹೋದ ಬುಧವಾರವಷ್ಟೇ ಕೂಸಿನೊಂದಿಗೆ ಗಜೇಂದ್ರಗಡದ ಗಂಡನ ಮನೆಗೆ ಹೋಗಿದ್ದಳು. ಅವಳು ಹೊರಡುವ ಮುನ್ನಾದಿನ ತೊಟ್ಟಿಲಿಗೆಂದು ಇವರೇ ಒಂದು ಸಣ್ಣ ಕೌದಿ ಹೊಲಿದು ಕೊಟ್ಟಿದ್ದರು.

“ಶಂಕ್ರವ್ವಾರ, ಎಂಥಾ ಕೌದಿ ಹೊಲದೀರಿ!” ಎಂದ ಖಾಜಾಸಾಬ. “ನಮ್ಮ ಮೊಮ್ಮಗ ಅದರ ಒಂದ ಮೂಲಿ ಹಿಡಕೊಂಡು ಚರಚರ ಅನಸಿದ್ರನ ಮಲಗತಾನಂತ. ಬ್ಯಾರೆ ಏನ ಹೊಚ್ಚಿದ್ರೂ ಅಳತಾನಂತ್ರಿ. ಅದೇನ ಹಾಕೀರಿ ಅದರಾಗ?”

“ರೊಟ್ಟಿ ಹಾಕೇವಪಾ, ಮತ್ತೇನ ಹಾಕೂದು” ಎಂದಳು ಮದರಬಿ.

ನಾಗರತ್ನಾ ಗೋಡೆಯಿಂದ ಬೆನ್ನು ಎತ್ತಿದಳು. ರೊಟ್ಟಿಯ ಚೂರು ಚರಚರ ಅನ್ನುವುದಿಲ್ಲ. ನಾಲ್ಕು ದಿನಕ್ಕೆ ಅದು ಪುಡಿಯಾಗುತ್ತದೆ. ಚರಚರ ಅನ್ನುವುದು ಕಾಗದ. ಇಷ್ಟು ಹೊಳೆದದ್ದೇ ತಡ, ಉಳಿದದ್ದೆಲ್ಲ ಸಾಲಾಗಿ ಬಂತು. ಪುಸ್ತಕ ಇರುತ್ತಿದ್ದ ಮಾಡ ಯಾರದು? ಆ ಕೌದಿಯ ಮೂಲೆ ಮುಚ್ಚಿದವರು ಯಾರು? ಶನಿವಾರ ಇಬ್ಬರೂ ಬಾಯಿ ಬಡಿದುಕೊಳ್ಳುವಾಗ, ಅಧ್ಯಾಯಕ್ಕೊಮ್ಮೆ ಪ್ರಶ್ನೆ ಕೇಳುವ ಮುದುಕಿ ಒಂದೇ ಒಂದು ಪ್ರಶ್ನೆ ಕೇಳದೆ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದಳಲ್ಲ, ಯಾಕೆ?

ಖಾಜಾಸಾಬ ಹೋಗುವವರೆಗೆ ತಡೆದುಕೊಂಡಳು. ಆಮೇಲೆ ಮಧುವಂತಿಯ ಹಾಗೆ ಬಲಗೈ ಗಡಿಯಾರ ತಿರುವುತ್ತ, ಎದುರಿಗೆ ಬಂದು ಕೂತು, “ಆಯಿ, ಆ ಕೌದಿಗೆ ಏನ ಉಣಿಸಿದಿ?” ಎಂದಳು.

ಶಂಕ್ರವ್ವ ತಲೆ ಎತ್ತಲಿಲ್ಲ. “ಹೋಳಿಗಿ. ತುಪ್ಪಾ ಹಚ್ಚಿದ್ದು. ಚೂರಲ್ಲ, ಇಡೀದು.”

“ಹೋಳಿಗಿ ಯಾವುದರಾಗ ಸುತ್ತಿದಿ?”

ಇಷ್ಟು ಹೊತ್ತಿಗೆ ಮದರಬಿಗೂ ಅರ್ಥವಾಗಿತ್ತು. ಶಂಕ್ರವ್ವ ಸೂಜಿ ಕೆಳಗಿಟ್ಟಳು.

“ಭರಮಣ್ಣ ಸತ್ತಾಗ ನೀ ಏನಂದಿ? ಪುಸ್ತಕದಾಗ ಬರದದ್ದು ತಿದ್ದಾಕ ಬರೂದಿಲ್ಲಂದಿ. ಈಗ ಆಕೀನೂ ಸಾಯ್ತಾಳಂದಿ. ಕೊನೀ ಹಾಳಿ ಓದಿದ್ರ ತಾನ ಸಾಯೂದು? ಅದಕ್ಕ ತಗದೆ. ಒಲಿಗೆ ಹಾಕಾಕ ಮನಸ ಬರಲಿಲ್ಲವಾ. ಕೌದ್ಯಾಗ ಇಟ್ರ ಬೆಚ್ಚಗ ಇರತಾಳ. ಏಳ ಪುಸ್ತಕ ಆತು, ಹೊಟ್ಟಿ ತುಂಬ ಒಂದ ದಿನಾ ಉಂಡಿಲ್ಲ. ಅದಕ್ಕ ಇಡೀ ಹೋಳಿಗಿ ಇಟ್ಟೆ.”

ನಾಗರತ್ನಾಳಿಗೆ ಸಿಟ್ಟೂ ಬಂತು, ನಗುವೂ ಬಂತು, ಮುದುಕಿಯನ್ನು ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಆದರೆ ಚಟ ಚಟವೇ. “ಆಯಿ, ಬೆಂಕ್ಯಾಗ ಕಟ್ಟಿ ಹಾಕಿ ಬಿಟ್ಟೇವಿ ಆಕಿನ್ನ. ಬಿಚ್ಚಬೇಕೋ ಬ್ಯಾಡೋ?” ಎಂದಳು.

ಶಂಕ್ರವ್ವ ಕೆಳಗಿಟ್ಟ ಸೂಜಿಯನ್ನು ಎತ್ತಿ ಸೆರಗಿಗೆ ಚುಚ್ಚಿಕೊಂಡಳು. “ನಾನ ಹೊಲದೇನಿ, ನಾನ ಬಿಚ್ಚತೀನಿ. ನಾಳಿ ನಡೀರಿ” ಎಂದು ಎದ್ದಳು. ಒಳಗೆ ಹೋಗಿ, ಒಯ್ಯಲೆಂದು ಒಂದು ಡಬ್ಬಿ ಹೋಳಿಗೆ ತುಂಬಿಟ್ಟಳು.

ಮರುದಿನ ಹನ್ನೊಂದರ ಬಸ್ಸಿಗೆ ಮೂವರೂ ಹತ್ತಿದರು. ನರೇಗಲ್ಲ ದಾಟಿ, ಗುಡ್ಡದ ಮೇಲಿನ ಗಾಳಿ ಪಂಖಗಳು ಕಾಣುವವರೆಗೆ ನಾಗರತ್ನಾ ಕಾಲು ಕುಣಿಸುತ್ತಲೇ ಇದ್ದಳು. ಗಜೇಂದ್ರಗಡದಲ್ಲಿ ಮೆಹನಾಜಳ ಮನೆ ಕೋಟೆಗುಡ್ಡದ ಬುಡದ ಓಣಿಯಲ್ಲಿ. ತವರೂರಿನ ಮೂವರು ಹೇಳದೆ ಕೇಳದೆ ಬಂದದ್ದು ಕಂಡು ಹುಡುಗಿ ಗಾಬರಿಯಾದಳು. ವಿಷಯ ತಿಳಿದ ಮೇಲೆ ಕೂಸನ್ನು ಎತ್ತಿಕೊಂಡು, ಕೌದಿಯನ್ನು ಎದೆಗೆ ಅವಚಿಕೊಂಡು ನಿಂತಳು.

“ಬಿಚ್ಚರಿ ಅಕ್ಕಾ, ನಾ ಎಲ್ಲಿ ಬ್ಯಾಡಂತೀನಿ. ಆದ್ರ ಯಾರ ಈಕಿ ಮಧುವಂತಿ?”

ಮದರಬಿ ತಡೆಯಲಾರದೆ ಬಾವಿಯ ಹೆಣದಿಂದ ಶುರು ಮಾಡಿದಳು. ಎರಡು ಮಾತು ಕೇಳಿದ್ದೇ ಮೆಹನಾಜ ಕೌದಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. “ತಡೀರಿ ತಡೀರಿ. ಮೂರ ತಿಂಗಳಾತು, ಮನ್ಯಾಗ ಕುಂತು ಕೂಸಿನ ಮಾರಿ ಬಿಟ್ರ ಬ್ಯಾರೆ ಕಥಿ ಇಲ್ಲ ನನಗ. ಈಗ ನೀವು ಬಂದು ಕಡೀದು ಅಷ್ಟ ಓದಿ ಹೋದ್ರ? ಮೊದಲಿಂದ ಹೇಳ್ರಿ, ಆಮ್ಯಾಲ ಬಿಚ್ಚೋಣಂತ.”

“ಏಳ ಪುಸ್ತಕ ಅದಾವವಾ!”

“ಬಸ್ಸ ಐದೂವರಿಗೆ ಐತಿ.”

ಹೀಗಾಗಿ ನಾಗರತ್ನಾ ಆರೂ ಮುಕ್ಕಾಲು ಕಾದಂಬರಿಗಳನ್ನು ನಾಲ್ಕು ತಾಸಿನಲ್ಲಿ ಹೇಳಿದಳು. ನಿಂತು ಹೇಳಿದಳು, ಕೂತು ಹೇಳಿದಳು. ಮಧುವಂತಿ ಪಾಗಾರದ ಗೋಡೆ ಜಿಗಿದಾಗ ಹೊಸ್ತಿಲು ಜಿಗಿದಳು. ಮದರಬಿ ಕೊಲೆಗಾರರ ಪಾತ್ರವನ್ನೆಲ್ಲ ತಾನೇ ವಹಿಸಿಕೊಂಡು ಲಟ್ಟಣಿಗೆ ಹಿಡಿದು ಬಾಗಿಲ ಹಿಂದೆ ಅಡಗಿದಳು. ಮೆಹನಾಜ ಚೀರಿದಳು, ಅದಕ್ಕೆ ಕೂಸು ಕೇಕೆ ಹಾಕಿತು. ಭರಮಣ್ಣ ಸತ್ತಾಗ ಈ ಸಲ ನಾಲ್ವರೂ ಅತ್ತು, ಚಹಾ ಕುಡಿದು, ಗಿರಣಿಯ ಮಹಡಿ ಹತ್ತಿದರು. ಹೊಗೆ ಬಂತು, ಬಾಗಿಲು ಕಿರುಗುಟ್ಟಿತು.

“ಬಿಚ್ಚರಿ!” ಎಂದು ಮೆಹನಾಜಳೇ ಕೌದಿ ಹಾಸಿದಳು.

ಶಂಕ್ರವ್ವ ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿದಳು. ಒಣಗಿ ಗಟ್ಟಿಯಾದ ಹೋಳಿಗೆ, ಅದನ್ನು ಸುತ್ತಿಕೊಂಡ ನಾಲ್ಕು ಹಾಳೆ ಹೊರಗೆ ಬಂದವು. ತುಪ್ಪ ಹೀರಿ ಕಾಗದ ಹಳದಿಯಾಗಿತ್ತು, ಆ ಬದಿಯ ಅಕ್ಷರ ಈ ಬದಿಗೆ ಕಾಣುತ್ತಿತ್ತು. ನಾಗರತ್ನಾ ಕಿಟಕಿಯ ಬೆಳಕಿಗೆ ಹಿಡಿದು, ಗಟ್ಟಿಯಾಗಿ ಓದಿದಳು.

ಹೊಗೆಯ ನಡುವೆ ನಿಂತಿದ್ದವಳು ಕಾಶೀಬಾಯಿ! ಏಳು ಪುಸ್ತಕದುದ್ದಕ್ಕೂ ಚಹಾ ತಂದ ಕಾಶೀಬಾಯಿ ಕಿಟಲಿ ಬಿಸಾಡಿ, ಕಟ್ಟು ಬಿಚ್ಚಿ, ಮಧುವಂತಿಯನ್ನು ಬೆನ್ನ ಮೇಲೆ ಹೊತ್ತು ಇಳಿದಳು. ಮದರಬಿ ಎದ್ದು ನಿಂತು ಸೀಟಿ ಹೊಡೆದಳು. ಆ ವಯಸ್ಸಿನಲ್ಲಿ ಅವಳಿಗೆ ಸೀಟಿ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಕೊಲೆಗಾರ ವಕೀಲ ಸಿಕ್ಕಿಬಿದ್ದ. ಮಧುವಂತಿ ಬದುಕಿದಳು! ನಾಗರತ್ನಾಳಿಗೆ ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಓದು ಮಾತ್ರ ನಿಲ್ಲಲಿಲ್ಲ. ಮಧುವಂತಿ ರಾಜೀನಾಮೆ ಬರೆದಳು, ಭರಮಣ್ಣನ ಮಗಳ ತಲೆ ಸವರಿದಳು, ತನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು.

ಇನ್ನು ಒಂದೇ ಸಾಲು ಉಳಿದಿತ್ತು. ನಾಗರತ್ನಾ ಅದನ್ನು ಕಣ್ಣಲ್ಲೇ ಓದಿ ನಿಂತಳು. ‘ದೀಪ ಆರಿಸಿ, ಹಸಿದ ಹೊಟ್ಟೆಯಲ್ಲೇ, ಗೋಡೆಯ ಕಡೆ ತಿರುಗಿ ಮಲಗಿದಳು.’

“ಉಂಡಳೇನು?” ಎಂದಳು ಶಂಕ್ರವ್ವ.

ಅಕ್ಷರಕ್ಕೆ ಅಕ್ಷರ ಓದುವ ನಾಗರತ್ನಾ, ಹೆಣದ ಹುಳವನ್ನೂ ಬಿಡದ ನಾಗರತ್ನಾ, ಮುದುಕಿಯ ಮುಖ ನೋಡಿದಳು. ನಂತರ ಹಾಳೆ ನೋಡುತ್ತ, ಓದುವ ದನಿಯಲ್ಲೇ ಹೇಳಿದಳು. “‘ಅಂದು ಮಧುವಂತಿ ಹೊಟ್ಟೆ ತುಂಬ ಉಂಡಳು.’”

“ಏನ ಉಂಡಳು?”

“‘ಎರಡು ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಹಿಂಡಿ.’”

ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ನಿಂತಿದ್ದ ಮೆಹನಾಜ ಹಾಳೆಯತ್ತ ಬಗ್ಗಿದಳು. ಅವಳಿಗೆ ಓದಲು ಚೆನ್ನಾಗಿಯೇ ಬರುತ್ತಿತ್ತು. ಹಾಳೆ ನೋಡಿದಳು, ನಾಗರತ್ನಾಳನ್ನು ನೋಡಿದಳು. ಮೆಹನಾಜ ಕೊನೆಯ ಸಾಲಿನ ಕೆಳಗಿನ ಖಾಲಿ ಜಾಗದ ಮೇಲೆ ಬೆರಳು ಆಡಿಸುತ್ತ, “ಅಕ್ಕಾ, ಒಂದ ಸಾಲು ಬಿಟ್ರಿ ನೋಡ್ರಿ. ‘ಮೇಲೆ ಒಂದು ತಂಬಿಗೆ ಮಜ್ಜಿಗೆ ಕುಡಿದಳು’” ಎಂದಳು.

ಶಂಕ್ರವ್ವ ದೊಡ್ಡದಾಗಿ ಉಸಿರು ಬಿಟ್ಟಳು. “ಹಂಗಾರ ಮಲಗಲಿ ಬಿಡ್ರಿ” ಎಂದು, ಡಬ್ಬಿಯಿಂದ ಹೊಸ ಹೋಳಿಗೆ ತೆಗೆದು, ಅದೇ ಹಾಳೆಗಳಲ್ಲಿ ಸುತ್ತಲು ಕೈ ಚಾಚಿದಳು. ನಾಗರತ್ನಾ ಮೊದಲು ಮೊಬೈಲಿನಲ್ಲಿ ಎಂಟೂ ಪುಟಗಳ ಫೋಟೊ ಹೊಡೆದುಕೊಂಡು ಆಮೇಲೆ ಕೊಟ್ಟಳು. ಮೂಲೆ ಮುಚ್ಚಿದ ಮೇಲೆ ಕೂಸು ಅದನ್ನು ಹಿಡಿದು ಚರಚರ ಅನ್ನಿಸಿ ನಿದ್ದೆಹೋಯಿತು. ಐದೂವರೆಯ ಬಸ್ಸು ತಪ್ಪಿ ಆರರ ಬಸ್ಸು ಸಿಕ್ಕಿತು.

ಪುಸ್ತಕ ತಿರುಗಿ ಕೊಡಬೇಕಲ್ಲ. ನಾಗರತ್ನಾ ಎರಡು ದಿನ ಕೂತು ಫೋಟೊ ನೋಡಿಕೊಂಡು ಎಂಟೂ ಪುಟಗಳನ್ನು ದುಂಡಗೆ ನಕಲು ಬರೆದು, ಅಂಟು ಹಚ್ಚಿ ಕೂಡಿಸಿದಳು. ದೇವಪ್ಪ ಓದದೆಯೇ ಕೊನೆಯ ಪುಟಕ್ಕೆ ಹೊಸ ಶಿಕ್ಕಾ ಹೊಡೆದ. ಬೇರೆ ಊರುಗಳಲ್ಲಿ ಆ ಪುಸ್ತಕ ಓದಿದವರಿಗೆ ಮಧುವಂತಿ ಹಸಿದೇ ಮಲಗಿರಬಹುದು. ಅಬ್ಬಿಗೇರಿಯ ಪ್ರತಿಯಲ್ಲಿ ಮಾತ್ರ ಅವಳು ಎರಡು ರೊಟ್ಟಿ ಉಂಡು, ಮಜ್ಜಿಗೆ ಕುಡಿದು, ದೀಪ ಆರಿಸಿದ್ದಾಳೆ.